ಎಷ್ಟು ಜನ ಸೇರಿದ್ದರು, ಬರೆದುಕೊಡಿ ಸ್ವಾಮಿ

ಇವತ್ತು ಒಂದೇ ಒಂದು ಪ್ರಶ್ನೆ. ಫ್ರೀಡಂ ಪಾರ್ಕ್‌ನಲ್ಲಿ ಪ್ರತಿಭಟನೆ ಆಗುತ್ತಲ್ಲ, ಅಲ್ಲಿಗೆ ಎಷ್ಟು ಜನ ಬರುತ್ತಾರೆ?

ಯಾವ ಪ್ರತಿಭಟನೆ ಅಂತ ಕೇಳಬೇಡಿ. ಯಾವುದಾದರೂ ಇಟ್ಟುಕೊಳ್ಳಿ, ಅಲ್ಲಿ ದಿನಕ್ಕೊಂದು ಇದ್ದೇ ಇರುತ್ತೆ. ಮೈಕ್ ಹಿಡಿದ ಮುಖಂಡರು ಹೇಳುತ್ತಾರೆ, ಐವತ್ತು ಸಾವಿರ. ಎದುರು ಪಕ್ಷದವರನ್ನು ಕೇಳಿ, ಐನೂರು ಜನ ಇರಲಿಲ್ಲ, ಅವರೂ ಊಟದ ಪೊಟ್ಟಣಕ್ಕೆ ಬಂದವರು ಅನ್ನುತ್ತಾರೆ. ಟಿವಿ ಹಾಕಿದರೆ ಒಂದು ಕಡೆ ಜನಸಾಗರ, ಇನ್ನೊಂದು ಕಡೆ ಖಾಲಿ ಕುರ್ಚಿ. ಎರಡೂ ಅದೇ ಜಾಗದ ದೃಶ್ಯ, ಅದೇ ದಿನದ್ದು. ಕ್ಯಾಮೆರಾ ಎಲ್ಲಿ ನಿಂತಿತ್ತು ಅನ್ನೋದಷ್ಟೇ ವ್ಯತ್ಯಾಸ. ಇನ್ನು ಅಲ್ಲೇ ಬಿಸಿಲಲ್ಲಿ ಬೆಳಗ್ಗೆಯಿಂದ ನಿಂತಿರುವ ಇನ್‌ಸ್ಪೆಕ್ಟರ್ ಸಾಹೇಬರನ್ನು ಕೇಳಿ. ಅವರು ನಕ್ಕು ಸುಮ್ಮನಾಗುತ್ತಾರೆ.

ಆ ನಗುವಿನ ಹಿಂದೆ ಒಂದು ಲೆಕ್ಕ ಇದೆ. ಇವತ್ತು ಮಾತಾಡಬೇಕಿರೋದು ಆ ಲೆಕ್ಕದ ಬಗ್ಗೆ.

ನಮ್ಮೂರಲ್ಲಿ ಲೆಕ್ಕ ಕೇಳದ ಜನಜಂಗುಳಿ ಒಂದಿದೆ, ಅದನ್ನು ಬಿಟ್ಟುಬಿಡೋಣ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ. ಪ್ರತಿ ವರ್ಷ ಲಕ್ಷ ಲಕ್ಷ ಜನ ಅಂತ ಬರೆಯುತ್ತೇವೆ. ಯಾರೂ ಎಣಿಸಿಲ್ಲ, ಯಾರಿಗೂ ಬೇಕೂ ಇಲ್ಲ. ಐದು ಲಕ್ಷ ಅಂದರೂ ಒಂದೇ, ಎಂಟು ಲಕ್ಷ ಅಂದರೂ ಒಂದೇ. ದೊಡ್ಡ ಬಸವಣ್ಣ ಕೋಪ ಮಾಡಿಕೊಳ್ಳುವುದಿಲ್ಲ, ಕಡಲೆಕಾಯಿ ರೇಟೂ ಬದಲಾಗುವುದಿಲ್ಲ. ಆದರೆ ಪ್ರತಿಭಟನೆ ಹಾಗಲ್ಲ. ಅಲ್ಲಿ ಸಂಖ್ಯೆಯೇ ಶಕ್ತಿ. ಎಷ್ಟು ಜನ ಬರಬಹುದು ಅನ್ನುವ ಅಂದಾಜಿನ ಮೇಲೆ ನಿಮಗೆ ಅನುಮತಿ ಸಿಗಬಹುದು, ಸಿಗದೆ ಇರಬಹುದು. ಆ ಅಂದಾಜಿನ ಮೇಲೆ ಇಡೀ ಊರಿಗೆ ನಿಷೇಧಾಜ್ಞೆ ಬೀಳಬಹುದು. ಅಂದಾಜು ತಪ್ಪಿದರೆ ಜೀವವೂ ಹೋಗಬಹುದು. ಮೂರೂ ಬೆಂಗಳೂರಲ್ಲೇ ಆಗಿವೆ.

ಮೊದಲು 2019ಕ್ಕೆ ಹೋಗೋಣ. ಡಿಸೆಂಬರ್ 18ರ ದಿನ ಬೆಂಗಳೂರು ಪೊಲೀಸ್ ಕಮಿಷನರ್ ಒಂದು ಆದೇಶ ಹೊರಡಿಸಿದರು. ಮರುದಿನ ಬೆಳಗ್ಗೆ 6 ಗಂಟೆಯಿಂದ 21ರ ಮಧ್ಯರಾತ್ರಿವರೆಗೆ ನಗರದಲ್ಲಿ 144 ಸೆಕ್ಷನ್. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಿಗದಿಯಾಗಿದ್ದವು, ಕೆಲವಕ್ಕೆ ಪೊಲೀಸರೇ ಅನುಮತಿ ಕೊಟ್ಟಿದ್ದರು. ಆ ಅನುಮತಿಗಳೆಲ್ಲ ರಾತ್ರೋರಾತ್ರಿ ರದ್ದಿ ಕಾಗದವಾದವು. 19ರಂದು ಟೌನ್‌ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಮಾಧ್ಯಮದವರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಹಿಡಿದುಕೊಂಡು ಹೋದ ದೃಶ್ಯ ನಿಮಗೆ ನೆನಪಿರುತ್ತೆ. ಅದನ್ನು ದೇಶವೇ ನೋಡಿತು.

ಆ ದೃಶ್ಯ ಎಲ್ಲರಿಗೂ ನೆನಪಿದೆ. ನೆನಪಿಲ್ಲದ್ದು ಏನು ಗೊತ್ತಾ? ಆಮೇಲೆ ಹೈಕೋರ್ಟ್‌ನಲ್ಲಿ ಏನಾಯ್ತು ಅನ್ನೋದು. ಆಗಿನ ರಾಜ್ಯಸಭಾ ಸದಸ್ಯ ರಾಜೀವ್ ಗೌಡ, ಶಾಸಕಿ ಸೌಮ್ಯಾ ರೆಡ್ಡಿ ಮತ್ತಿತರರು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ ಅವರ ಪೀಠ. ಪೀಠ ಘೋಷಣೆಗಳನ್ನು ಕೇಳಲಿಲ್ಲ, ಭಾಷಣಗಳನ್ನೂ ಕೇಳಲಿಲ್ಲ. ಕಾಗದ ನೋಡಿತು. ಕಮಿಷನರ್ ಆದೇಶದ ಬೆನ್ನಿಗೆ ಏನಿತ್ತು? ಡಿಸಿಪಿಗಳು ಬರೆದ ಪತ್ರಗಳು. ಆ ಪತ್ರಗಳಲ್ಲಿದ್ದದ್ದನ್ನೇ ಆದೇಶದಲ್ಲಿ ಮತ್ತೆ ಬರೆಯಲಾಗಿದೆ. ಕಮಿಷನರ್ ತಾವಾಗಿ ವಿಚಾರಣೆ ನಡೆಸಿ ಒಂದು ಅಭಿಪ್ರಾಯಕ್ಕೆ ಬಂದದ್ದು ಕಾಣುವುದಿಲ್ಲ. ಹೀಗಾಗಿ 2020ರ ಫೆಬ್ರುವರಿ 13ರಂದು ಆದೇಶ ಕಾನೂನುಬಾಹಿರ ಅಂತ ತೀರ್ಪು ಬಂತು. ಅಷ್ಟೊತ್ತಿಗೆ ಆ ಮೂರು ದಿನ ಮುಗಿದು ಸುಮಾರು ಎರಡು ತಿಂಗಳಾಗಿತ್ತು. ಇರಲಿ. ಇವತ್ತಿನ ವಿಷಯಕ್ಕೆ ಬೇಕಾದದ್ದು ಇಷ್ಟು: ಕಡತ ತೆರೆಯುವವರೆಗೂ ಪೊಲೀಸರ ಕಾರಣ ಬೆಟ್ಟದಷ್ಟಿತ್ತು. ತೆರೆದಾಗ ಅದರೊಳಗೆ ಇದ್ದದ್ದು ಕೆಲವು ಪತ್ರ.

ಅಂದರೆ, ಜನ ಸೇರುವ ಬಗ್ಗೆ ಪೊಲೀಸರು ಬರೆದಿಡುತ್ತಾರೆ. ಎಲ್ಲೆಲ್ಲಿ ಬರೆದಿಡುತ್ತಾರೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ನಮ್ಮ ಜನ ಇಲ್ಲೇ ಎಡವುತ್ತಾರೆ. ಏನು ಕೇಳಬೇಕು ಅಂತ ಗೊತ್ತಿಲ್ಲದೆ, ಎಷ್ಟು ಜನ ಬಂದಿದ್ದರು ತಿಳಿಸಿ ಅಂತ ಒಂದು ಸಾಲು ಬರೆದು ಅರ್ಜಿ ಹಾಕುತ್ತಾರೆ. ಮಾಹಿತಿ ಲಭ್ಯವಿಲ್ಲ ಅಂತ ಒಂದು ಸಾಲಿನ ಹಿಂಬರಹ ಬರುತ್ತೆ. ಅಲ್ಲಿಗೆ ಮುಗೀತು.

ಮೊದಲನೆಯದು ಆಯೋಜಕರ ಅರ್ಜಿ. ಬೆಂಗಳೂರಿನಲ್ಲಿ ಈಗ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಮಾತ್ರ. ರಸ್ತೆಗಳಲ್ಲಿ ಮೆರವಣಿಗೆಯಿಂದ ಸಂಚಾರ ಕಟ್ಟಿಹೋಗುತ್ತದೆ ಅಂತ 2021ರಲ್ಲಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದೇ ವರ್ಷ ಪೊಲೀಸರು ಪ್ರತಿಭಟನೆಗೆ ಪರವಾನಗಿ ಕಡ್ಡಾಯ ಮಾಡಿ ಆದೇಶ ತಂದರು. ಅದಕ್ಕೂ ಮೊದಲು, ಸಭೆ ಮೆರವಣಿಗೆಗಳಿಗೆ 2009ರ ಆದೇಶ ಬೇರೆ ಇದೆ. ಪರವಾನಗಿ ಕೇಳುವವರು ನಾವು ಇಂತಿಷ್ಟು ಜನ ಸೇರುತ್ತೇವೆ ಅಂತ ಬರೆಯಬೇಕಾಗುತ್ತೆ. ಮೈಕ್ ಮುಂದೆ ಲಕ್ಷ ಅಂದವರು ಅರ್ಜಿಯಲ್ಲಿ ಎಷ್ಟು ಬರೆದಿದ್ದರು? ಆ ಒಂದು ಅಂಕಿ ಸಿಕ್ಕರೆ ಸಾಕು, ಅರ್ಧ ರಾಜಕೀಯ ಅರ್ಥವಾಗುತ್ತೆ.

ಎರಡನೆಯದು ಬಂದೋಬಸ್ತ್ ಆದೇಶ. ಪೊಲೀಸರ ನಿಜವಾದ ಅಂದಾಜು ಇರೋದು ಇಲ್ಲಿ. ಬಾಯಲ್ಲಿ ಏನಾದರೂ ಹೇಳಬಹುದು ಸ್ವಾಮಿ, ಆದರೆ ಎಷ್ಟು ಇನ್‌ಸ್ಪೆಕ್ಟರ್, ಎಷ್ಟು ಪಿಎಸ್‌ಐ, ಎಷ್ಟು ಪೇದೆಗಳು, ಕೆಎಸ್‌ಆರ್‌ಪಿಯ ಎಷ್ಟು ತುಕಡಿ, ಯಾವ ಗೇಟ್‌ನಲ್ಲಿ ಯಾರು ಅಂತ ಬರೆದ ಕಾಗದ ಸುಳ್ಳು ಹೇಳುವುದಿಲ್ಲ. ಐನೂರು ಜನಕ್ಕೆ ಯಾರೂ ನಾಲ್ಕು ತುಕಡಿ ಕರೆಸುವುದಿಲ್ಲ.

ಮೂರನೆಯದು ಠಾಣಾ ದಿನಚರಿ. ಫ್ರೀಡಂ ಪಾರ್ಕ್ ಆದರೆ ಉಪ್ಪಾರಪೇಟೆ ಠಾಣೆ. ಬಂದೋಬಸ್ತ್‌ಗೆ ಹೊರಟವರು, ವಾಪಸ್ ಬಂದವರು, ವಶಕ್ಕೆ ಪಡೆದವರು, ಬಿಟ್ಟವರು, ಎಲ್ಲ ಅದರಲ್ಲಿ ಗಂಟೆ ನಿಮಿಷ ಸಮೇತ ಬರುತ್ತದೆ, ಬರಬೇಕು. ಇದರ ಜೊತೆಗೆ ಮೇಲಧಿಕಾರಿಗಳಿಗೆ ಹೋದ ವರದಿ, ಕಂಟ್ರೋಲ್ ರೂಮಿಗೆ ಹೋದ ಸಂದೇಶ, ಪೊಲೀಸರೇ ತೆಗೆಸಿದ ವಿಡಿಯೊ. ಆ ವಿಡಿಯೊಗಳ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಬೇರೆಯೇ ಕಥೆ.

ಪೊಲೀಸರು ಎಣಿಸುವುದಿಲ್ಲ ಅನ್ನುವವರಿಗೆ ಮಲ್ಲೇಶ್ವರದ ಉದಾಹರಣೆ ಕೊಡುತ್ತೇನೆ. ಭಾಷ್ಯಂ ಸರ್ಕಲ್‌ನಿಂದ ಮಲ್ಲೇಶ್ವರ 18ನೇ ಕ್ರಾಸ್ ಕಡೆಗೆ ಸ್ಯಾಂಕಿ ಕೆರೆ ಪಕ್ಕದಲ್ಲಿ ಮೇಲ್ಸೇತುವೆ ಮಾಡುತ್ತೇವೆ, ರಸ್ತೆ ಅಗಲ ಮಾಡುತ್ತೇವೆ ಅಂತ ಬಿಬಿಎಂಪಿ ಹೊರಟಿತ್ತು. ಮರಗಳು ಹೋಗುತ್ತವೆ ಅಂತ ಅಕ್ಕಪಕ್ಕದ ನಿವಾಸಿಗಳು, ಹಿರಿಯರು, ಮಕ್ಕಳು 2023ರ ಫೆಬ್ರುವರಿಯಲ್ಲಿ ಕೆರೆಯ ಹತ್ತಿರ ಸೇರಿದರು. ಕಲ್ಲು ಬೀಳಲಿಲ್ಲ, ಟೈರ್ ಸುಡಲಿಲ್ಲ. ಆದರೂ ಸದಾಶಿವನಗರ ಪೊಲೀಸರು ಕೇಸ್ ಹಾಕಿದರು. ಸುಮಾರು 70 ಜನರ ಮೇಲೆ ಅಂತ ಆಗ ವರದಿಯಾಯಿತು. ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಕಡೆ ಪ್ರತಿಭಟನೆ ಮಾಡಿದ್ದೇ ತಪ್ಪು. ನೋಡಿ, ಎಷ್ಟು ಚೆನ್ನಾಗಿ ಲೆಕ್ಕ ಸಿಕ್ಕಿತು! ಕೇಸ್ ಹಾಕಬೇಕಾದಾಗ ಪೊಲೀಸರ ಕಣ್ಣು ಚುರುಕು. ಅಂದಮೇಲೆ ನಾಗರಿಕ ಕೇಳಿದಾಗ ಮಾತ್ರ ಮಾಹಿತಿ ಲಭ್ಯವಿಲ್ಲ ಅನ್ನೋದು ಹೇಗೆ?

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಅದಕ್ಕಿಂತ ಒಂದು ವರ್ಷ ಮೊದಲು, 2022ರ ಮಾರ್ಚ್ 3ರಂದು ಮೇಕೆದಾಟು ಪಾದಯಾತ್ರೆ ಬಸವನಗುಡಿ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಮುಗಿಯಿತು. ದೊಡ್ಡ ಪಕ್ಷ, ದೊಡ್ಡ ಸಮಾವೇಶ. ನಾನು ಯಾವ ಪಕ್ಷದ ಪರವೂ ಅಲ್ಲ, ಬೇರೆ ಪಕ್ಷಗಳೂ ಇದೇ ಮೈದಾನದಲ್ಲಿ ಬೇಕಾದಷ್ಟು ಸಭೆ ಮಾಡಿವೆ. ಆದರೆ ಬಸವನಗುಡಿಯ ನಿವಾಸಿಯೊಬ್ಬರು ಅಂದಿನ ಅನುಮತಿ ಪತ್ರ ತೋರಿಸಿ, ಎಷ್ಟು ಜನ ಅಂತ ಬರೆದಿದ್ದರು, ಎಷ್ಟು ಪೊಲೀಸರನ್ನು ಹಾಕಿದ್ದಿರಿ ಅಂತ ಕೇಳಿದರೆ ಅದು ತಪ್ಪಾ? ವಾಣಿ ವಿಲಾಸ ರಸ್ತೆ ಕಟ್ಟಿಹೋದಾಗ ಆಟೊದಲ್ಲಿ ಸಿಕ್ಕಿಹಾಕಿಕೊಂಡವರು ಕೇಳಬಾರದಾ? ದೊಡ್ಡವರಿಗೂ ಸಣ್ಣವರಿಗೂ ಒಂದೇ ನಿಯಮ ಇದೆಯಾ ಅಂತ ತಿಳಿಯೋಕೆ ಇರೋ ದಾರಿ ಇದೊಂದೇ, ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡೋದು.

ಮೈದಾನದ ಮಾತು ಬಂತು, ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಅಮೆರಿಕದ ಬರ್ಕ್‌ಲಿಯಲ್ಲಿ ಹರ್ಬರ್ಟ್ ಜೇಕಬ್ಸ್ ಅಂತ ಪತ್ರಿಕೋದ್ಯಮದ ಮೇಷ್ಟ್ರು ಇದ್ದರು. 1960ರ ದಶಕ, ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಅವರ ಕಚೇರಿಯ ಕಿಟಕಿಯ ಕೆಳಗೇ ಸೇರುತ್ತಿದ್ದರು. ಅಂಗಳದ ನೆಲದಲ್ಲಿ ಚೌಕಗಳಿದ್ದವು. ಒಂದು ಚೌಕದಲ್ಲಿ ಎಷ್ಟು ಜನ ಅಂತ ಎಣಿಸಿ, ಎಷ್ಟು ಚೌಕ ತುಂಬಿದೆ ಅಂತ ಗುಣಿಸಿದರು. ಅವರ ಲೆಕ್ಕ ಇವತ್ತಿಗೂ ನಡೆಯುತ್ತೆ. ಸಡಿಲವಾಗಿ ನಿಂತರೆ ಒಬ್ಬರಿಗೆ 10 ಚದರಡಿ, ಒತ್ತಾಗಿ ನಿಂತರೆ ನಾಲ್ಕೂವರೆ. ಒಂದು ಎಕರೆ ಅಂದರೆ 43,560 ಚದರಡಿ. ಒತ್ತಾಗಿ ನಿಂತರೂ ಎಕರೆಗೆ 9,700 ಜನ ದಾಟುವುದಿಲ್ಲ. ಎರಡು ಲಕ್ಷ ಜನ ನಿಲ್ಲಬೇಕಾದರೆ 20 ಎಕರೆಗಿಂತ ಹೆಚ್ಚು ಜಾಗ ಬೇಕು, ಅದೂ ವೇದಿಕೆ, ಪೆಂಡಾಲ್ ಏನೂ ಇಲ್ಲದೆ. ನ್ಯಾಷನಲ್ ಕಾಲೇಜು ಮೈದಾನ ಅದರ ಹತ್ತಿರಕ್ಕೂ ಬರುವುದಿಲ್ಲ. ಮುಂದಿನ ಸಲ ಯಾರಾದರೂ ಅಲ್ಲಿ ನಿಂತು ಲಕ್ಷೋಪಲಕ್ಷ ಅಂದಾಗ ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ.

ಹಾಗಂತ ಪೊಲೀಸರು ಅಂಕಿ ಹೇಳೋಕೆ ಹಿಂಜರಿಯುವುದಕ್ಕೂ ಕಾರಣ ಇದೆ. ಯಾವ ಅಂಕಿ ಹೇಳಿದರೂ ಒಬ್ಬರಿಗೆ ಸಿಟ್ಟು. ಅಮೆರಿಕದಲ್ಲೇ ಆಯ್ತಲ್ಲ. 1995ರ ಅಕ್ಟೋಬರ್ 16ರಂದು ವಾಷಿಂಗ್ಟನ್‌ನಲ್ಲಿ ಕಪ್ಪು ಜನಾಂಗದವರ ದೊಡ್ಡ ಮೆರವಣಿಗೆ, ಹತ್ತು ಲಕ್ಷ ಜನರ ಮೆರವಣಿಗೆ ಅಂತಲೇ ಅದರ ಹೆಸರು. ಅಲ್ಲಿನ ಉದ್ಯಾನ ಇಲಾಖೆಯ ಪೊಲೀಸರು 4 ಲಕ್ಷ ಅಂದರು. ಆಯೋಜಕರು ಕೋರ್ಟಿಗೆ ಎಳೆಯುತ್ತೇವೆ ಅಂದರು. ಮರುವರ್ಷ ಅಲ್ಲಿನ ಸಂಸತ್ತು, ಜನರನ್ನು ಎಣಿಸೋಕೆ ನಿಮಗೆ ದುಡ್ಡು ಕೊಡುವುದಿಲ್ಲ ಅಂದಿತು. ಇಲಾಖೆಗೂ ಅದೇ ಬೇಕಾಗಿತ್ತು ಅನಿಸುತ್ತೆ, ತಲೆನೋವು ತಪ್ಪಿತು. ಅವತ್ತಿನಿಂದ ಅಲ್ಲೂ ಯಾರ ಬಾಯಿ ದೊಡ್ಡದೋ ಅವರದೇ ಲೆಕ್ಕ.

ನಮ್ಮಲ್ಲಿ ಇದು ಬರೀ ಬಾಯಿಮಾತಿನ ಜಗಳವಾಗಿ ಉಳಿದಿಲ್ಲ. 2025ರ ಜೂನ್ 4. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ 11 ಜನ ಸತ್ತರು. ಅದು ಪ್ರತಿಭಟನೆ ಅಲ್ಲ, ಸಂಭ್ರಮ. ಆದರೆ ಕಾಗದದ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಎಷ್ಟು ಜನ ಬಂದಿದ್ದರು? ಮುಖ್ಯಮಂತ್ರಿಗಳು ಹೇಳಿದ್ದು ಕ್ರೀಡಾಂಗಣದ ಸಾಮರ್ಥ್ಯ 35 ಸಾವಿರ, ಬಂದವರು ಎರಡು ಮೂರು ಲಕ್ಷ ಅಂತ. ಒಂದು ತಿಂಗಳೊಳಗೆ ಕೇಂದ್ರ ಆಡಳಿತ ನ್ಯಾಯಮಂಡಳಿ ಒಬ್ಬ ಅಧಿಕಾರಿಯ ಅಮಾನತು ರದ್ದು ಮಾಡುವಾಗ ಬರೆದದ್ದು ಮೂರರಿಂದ ಐದು ಲಕ್ಷ. ಎರಡು ಲಕ್ಷಕ್ಕೂ ಐದು ಲಕ್ಷಕ್ಕೂ ನಡುವೆ ಎಷ್ಟು ಪೊಲೀಸರು ಬೇಕಿತ್ತು, ಎಷ್ಟು ಆಂಬುಲೆನ್ಸ್ ಬೇಕಿತ್ತು, ಎಷ್ಟು ಗೇಟು ತೆಗೆಯಬೇಕಿತ್ತು?

ಅಲ್ಲೂ ಕಾಗದ ಇತ್ತು. ಆಯೋಜಕರು ಜೂನ್ 3ರಂದು ಪೊಲೀಸರಿಗೆ ಬರೀ ಮಾಹಿತಿ ಕೊಟ್ಟರು, ಅನುಮತಿ ಕೇಳಲೇ ಇಲ್ಲ, 2009ರ ಆದೇಶದ ಪ್ರಕಾರ ಏಳು ದಿನ ಮೊದಲೇ ನಮೂನೆ ತುಂಬಿ ಕೊಡಬೇಕಿತ್ತು ಅಂತ ಸರ್ಕಾರವೇ ಹೈಕೋರ್ಟಿಗೆ ಹೇಳಿತು. ವಿಧಾನಸೌಧದ ಭದ್ರತೆ ನೋಡಿಕೊಳ್ಳುವ ಡಿಸಿಪಿ, ಲಕ್ಷಾಂತರ ಅಭಿಮಾನಿಗಳು ಬರಬಹುದು, ಸಿಬ್ಬಂದಿ ಕಡಿಮೆ ಇದೆ ಅಂತ ಬರೆದ ಪತ್ರ ಆಮೇಲೆ ಹೊರಬಂತು. ಆಮೇಲೆ! ಹನ್ನೊಂದು ಹೆಣ ಬಿದ್ದ ಆಮೇಲೆ. ಸರ್ಕಾರ ತನ್ನ ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟು ಗುಟ್ಟಾಗಿಡಿ ಅಂತ ಕೇಳಿಕೊಂಡಿತು. ಗುಟ್ಟು ಮಾಡುವುದಕ್ಕೆ ಕಾನೂನಿನಲ್ಲಿ ಆಧಾರ ಇಲ್ಲ ಅಂತ ಹೈಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಇವಿಷ್ಟಾದರೂ ನಮಗೆ ಗೊತ್ತಾಯಿತು.

ಸರಿ, ಕೇಳೋದು ಹೇಗೆ? ಇದಕ್ಕೆ ವಕೀಲರು ಬೇಡ. ಕರ್ನಾಟಕ 2000ದಲ್ಲೇ ಮಾಹಿತಿ ಹಕ್ಕಿಗೆ ತನ್ನದೇ ಕಾಯ್ದೆ ಮಾಡಿದ ರಾಜ್ಯ. 2005ರಿಂದ ಕೇಂದ್ರದ ಕಾಯ್ದೆ ಇದೆ. ನಮೂನೆ ಎ, ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಯಾಕೆ ಬೇಕು ಅಂತ ಬರೆಯಬೇಕಿಲ್ಲ, ಯಾರಾದರೂ ಕೇಳಿದರೆ ಸೆಕ್ಷನ್ 6(2) ಓದಿ ನೋಡಿ ಸಾರ್ ಅನ್ನಿ. ಆದರೆ ನಮ್ಮ ರಾಜ್ಯದಲ್ಲಿ ಒಂದು ಕಟ್ಟುಪಾಡಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ದೇಶಭಕ್ತಿ, ಸಂವಿಧಾನ, ನಿಮ್ಮ ಏರಿಯಾ ಕಾರ್ಪೊರೇಟರ್ ಮೇಲಿನ ಸಿಟ್ಟು ಇದೆಲ್ಲ ಬೇಡ. ಪದ ಉಳಿಸಿ.

ಹೀಗೆ ಬರೆಯಿರಿ. ಇಂಥ ದಿನ, ಇಂಥ ಜಾಗದಲ್ಲಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ನಡೆದ ಪ್ರತಿಭಟನೆಗೆ ಸಂಬಂಧಿಸಿದಂತೆ, ಆಯೋಜಕರು ಕೊಟ್ಟ ಅರ್ಜಿ ಮತ್ತು ಅದರ ಮೇಲಿನ ಆದೇಶದ ಪ್ರತಿ, ವೈಯಕ್ತಿಕ ವಿವರ ಮರೆಮಾಚಿ. ಬಂದೋಬಸ್ತ್ ಆದೇಶದ ಪ್ರತಿ. ಆ ದಿನದ ಠಾಣಾ ದಿನಚರಿಯಲ್ಲಿ ಈ ಪ್ರತಿಭಟನೆಗೆ ಸಂಬಂಧಿಸಿದ ಪುಟಗಳು. ಮೇಲಧಿಕಾರಿಗಳಿಗೆ ಕಳಿಸಿದ ವರದಿಯಲ್ಲಿ ಸೇರಿದ್ದ ಜನರ ಅಂದಾಜು ಇರುವ ಭಾಗ. ಕೊನೆಗೆ ಒಂದು ಸಾಲು, ಇದು ಮರೆಯಬೇಡಿ: ಈ ದಾಖಲೆಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು ಎಂಬ ನಿಯಮದ ಪ್ರತಿ. ಈ ಸಾಲು ಇದ್ದರೆ, ಕಡತ ನಾಶಪಡಿಸಲಾಗಿದೆ ಅಂತ ಹೇಳೋರು ಯಾವ ನಿಯಮದಡಿ ಅಂತಲೂ ಹೇಳಬೇಕಾಗುತ್ತೆ.

ಗಮನಿಸಿದಿರಾ? ಎಷ್ಟು ಜನ ಬಂದಿದ್ದರು ಅನ್ನುವ ಪ್ರಶ್ನೆಯೇ ಇದರಲ್ಲಿ ಇಲ್ಲ. ದಾಖಲೆ ಕೇಳಿದ್ದೇವೆ. ಯಾಕೆ ಗೊತ್ತಾ? 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಅಂತ. ನೀವು ಅಂಕಿ ಕೇಳಿದರೆ, ನಾವು ಎಣಿಸಿಲ್ಲ ಅನ್ನಬಹುದು. ಬಂದೋಬಸ್ತ್ ಆದೇಶ ಕೇಳಿದರೆ, ನಾವು ಬಂದೋಬಸ್ತ್ ಮಾಡಿಲ್ಲ ಅನ್ನೋಕಾಗುತ್ತಾ?

ನಿರಾಕರಣೆ ಬರಬಹುದು. ಸಾಮಾನ್ಯವಾಗಿ ಎರಡು ಥರ. ಒಂದು, ಇದು ಗುಪ್ತಚರ ಮಾಹಿತಿ. ಸೆಕ್ಷನ್ 24ರಲ್ಲಿ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಇರೋದು ನಿಜ. ಅದು ಸರ್ಕಾರ ಅಧಿಸೂಚನೆ ಹೊರಡಿಸಿದ ಸಂಸ್ಥೆಗಳಿಗೆ. ಕಾನೂನು ಸುವ್ಯವಸ್ಥೆ ನೋಡಿಕೊಳ್ಳುವ ಠಾಣೆಯ ಬಂದೋಬಸ್ತ್ ಕಾಗದಕ್ಕಲ್ಲ. ಎರಡು, ಕೇಸ್ ತನಿಖೆಯಲ್ಲಿದೆ, ಸೆಕ್ಷನ್ 8(1)(ಎಚ್). ತನಿಖೆ ಇದೆ ಅಂದ ಮಾತ್ರಕ್ಕೆ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಆಗುತ್ತೆ ಅಂತ ತೋರಿಸಬೇಕು. ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಪ್ರಕರಣದಲ್ಲಿ 2007ರಲ್ಲೇ ಹೇಳಿದ ಮಾತಿದು. ಎಲ್ಲವನ್ನೂ ಕೊಡೋಕಾಗದಿದ್ದರೆ ಕೊಡಬಹುದಾದ ಭಾಗ ಕೊಡಿ ಅಂತ ಸೆಕ್ಷನ್ 10 ಹೇಳುತ್ತೆ. ಇನ್ನು ಎಫ್‌ಐಆರ್ ಆಗಿದ್ದರೆ ಅದಕ್ಕೆ ಅರ್ಜಿಯೇ ಬೇಕಿಲ್ಲ, 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಪೊಲೀಸರೇ ವೆಬ್‌ಸೈಟಿಗೆ ಹಾಕಬೇಕು.

ಈಗ ವಿಡಿಯೊ ವಿಷಯ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಎಷ್ಟು ಜನ ಅಂತ ಕೇಳೋದು ಬೇರೆ, ಯಾರ್ಯಾರು ಅಂತ ಕೇಳೋದು ಬೇರೆ. ಮೊದಲನೆಯದು ಹಕ್ಕು. ಎರಡನೆಯದು ಎಷ್ಟೋ ಸಲ ಹಗೆ. ಚಾಮರಾಜಪೇಟೆಯಲ್ಲಿ ಬಾಡಿಗೆಗಿರುವ ಹುಡುಗಿ ಯಾವುದೋ ಪ್ರತಿಭಟನೆಗೆ ಹೋಗಿದ್ದಳಾ ಅಂತ ಮನೆ ಮಾಲೀಕರು ಪೊಲೀಸರಿಂದ ತಿಳಿಯಬೇಕಾ? ಕಂಪನಿಯವರು ತಮ್ಮ ನೌಕರ ಯೂನಿಯನ್ ಧರಣಿಯಲ್ಲಿ ಕೂತಿದ್ದನಾ ಅಂತ 10 ರೂಪಾಯಿ ಕೊಟ್ಟು ತಿಳಿಯಬೇಕಾ? ಬೇಡ. ಪೊಲೀಸರು ಮುಖ ಹಿಡಿದು ತೆಗೆದ ವಿಡಿಯೊ ಅರ್ಜಿ ಹಾಕಿದ ಎಲ್ಲರ ಕೈಗೂ ಸಿಗುವಂತಾದರೆ ನಾಳೆ ಪ್ರತಿಭಟನೆಗೆ ಬರುವವರು ಯಾರು? ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯಿಂದಾಗಿ 2025ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಬದಲಾಯಿತು, ವೈಯಕ್ತಿಕ ಮಾಹಿತಿ ಅಂದರೆ ಸಾಕು, ನಿರಾಕರಿಸಬಹುದು. ಆ ತಿದ್ದುಪಡಿ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಭ್ರಷ್ಟ ಅಧಿಕಾರಿಗೂ ಅದು ಕೊಡೆ ಹಿಡಿಯುತ್ತದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2) ಇನ್ನೂ ಇದೆ, ಅಷ್ಟು ಸಮಾಧಾನ. ಆದರೆ ಭಾಗವಹಿಸಿದವರ ಹೆಸರಿನ ವಿಷಯದಲ್ಲಿ ಬಾಗಿಲು ಮುಚ್ಚಿರಲಿ. ಅಂಕಿಗೆ ಹೆಸರಿಲ್ಲ, ಮುಖ ಇಲ್ಲ. ಅಂಕಿ ಕೊಡೋಕೆ ಈ ತಿದ್ದುಪಡಿ ಅಡ್ಡ ಬರುವುದಿಲ್ಲ.

ನಿಮ್ಮದೇ ಹೆಸರು ಆದರೆ? ಅದು ಬೇರೆ ಮಾತು. ನಿಮ್ಮನ್ನು ವಶಕ್ಕೆ ಪಡೆದರು, ವ್ಯಾನಿನಲ್ಲಿ ಕೂರಿಸಿದರು, ಸಂಜೆ ಬಿಟ್ಟರು. ಕೇಸ್ ಇಲ್ಲ, ಕಾಗದ ಇಲ್ಲ. ಸಾಮಾನ್ಯವಾಗಿ ಎಲ್ಲರೂ ಬಚಾವಾದೆವು ಅಂತ ಮನೆಗೆ ಹೋಗುತ್ತಾರೆ. ಹೋಗಬೇಡಿ, ನಿಮಗೆ ಸಂಬಂಧಿಸಿದ ನಮೂದನ್ನು ಕೇಳಿ ತೆಗೆದಿಟ್ಟುಕೊಳ್ಳಿ. ಯಾಕಂದ್ರೆ ಇಂಥ ಕಾಗದದ ಬೆಲೆ ಗೊತ್ತಾಗೋದು ಎಷ್ಟೋ ವರ್ಷ ಆದಮೇಲೆ.

ಎಚ್.ಎಸ್. ದೊರೆಸ್ವಾಮಿ ಅವರನ್ನೇ ನೋಡಿ. 1942ರ ಚಳವಳಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದವರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಜೈಲು. ನೂರು ವರ್ಷ ದಾಟಿದ ಮೇಲೂ ಭೂಮಿ ಇಲ್ಲದವರ ಜೊತೆ ಧರಣಿ ಕೂರುತ್ತಿದ್ದರು. ಎಲ್ಲಿ? ಫ್ರೀಡಂ ಪಾರ್ಕ್‌ನಲ್ಲಿ. ಫ್ರೀಡಂ ಪಾರ್ಕ್ ಅಂದರೆ ಅದೇ ಹಳೇ ಸೆಂಟ್ರಲ್ ಜೈಲು, ವಾಜಪೇಯಿ, ಅಡ್ವಾಣಿ ಅವರನ್ನು 1975ರಲ್ಲಿ ಇಟ್ಟಿದ್ದ ಜಾಗ. ಸರ್ಕಾರ ಜೈಲನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿ, ಇಲ್ಲಿ ಪಾರ್ಕ್ ಮಾಡಿ, ಕೂಗೋದಿದ್ದರೆ ಇಲ್ಲೇ ಬಂದು ಕೂಗಿ ಅಂದಿತು. ಇಪ್ಪತ್ತರ ಹರೆಯದಲ್ಲಿ ಯಾವ ಗೋಡೆಯೊಳಗೆ ಕೈದಿಯಾಗಿದ್ದರೋ, ನೂರು ದಾಟಿದ ಮೇಲೆ ಅದೇ ಗೋಡೆಯೊಳಗೆ ಧರಣಿ.

ಅಂಥವರ ಮೇಲೆ 2020ರ ಫೆಬ್ರುವರಿಯಲ್ಲಿ ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳ್ ಅವರು, ಇವರು ನಕಲಿ ಸ್ವಾತಂತ್ರ್ಯ ಹೋರಾಟಗಾರ ಅಂದುಬಿಟ್ಟರು. ವಿಧಾನಸಭೆಯಲ್ಲಿ ಗದ್ದಲ, ಟಿವಿಗಳಲ್ಲಿ ಚರ್ಚೆಯೋ ಚರ್ಚೆ. 101 ವರ್ಷದ ಹಿರಿಯರು ಯಾರ ಹತ್ತಿರ ಸಾಕ್ಷಿ ಕೇಳಬೇಕು? ಜೊತೆಗೆ ಜೈಲಿನಲ್ಲಿದ್ದವರಲ್ಲಿ ಬದುಕಿರುವವರು ಎಷ್ಟು ಮಂದಿ? ಆಗ ಮಾತಾಡಿದ್ದು ಒಂದು ಕಾಗದ. 1942-43ರಲ್ಲಿ ಅವರು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು ಅನ್ನುವ ಜೈಲಿನ ಪ್ರಮಾಣಪತ್ರ. ಅವರನ್ನು ಒಳಗೆ ಹಾಕಿದವರ ಪುಸ್ತಕವೇ ಅವರ ಪರ ಸಾಕ್ಷಿ ಹೇಳಿತು. 2021ರ ಮೇ 26ರಂದು ದೊರೆಸ್ವಾಮಿಯವರು ತೀರಿಕೊಂಡರು.

ಅವರಿಗೆ ಕಾಗದ ಇತ್ತು. ಇಲ್ಲದವರ ಪಾಡು? ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುವಾದಾಗ ಎಷ್ಟೋ ಜನರಿಗೆ ಜೈಲು ದಾಖಲೆ ಸಿಗಲಿಲ್ಲ. ಸಹ ಕೈದಿಗಳಿಂದ ಪ್ರಮಾಣಪತ್ರ ತನ್ನಿ ಅಂತ ಸರ್ಕಾರ ಹೇಳಬೇಕಾಯಿತು. ಆ ಸಹಿಗಾಗಿ ಮುದುಕರು ಮುದುಕರ ಮನೆ ಹುಡುಕಿಕೊಂಡು ಅಲೆದರು. ಲೆಕ್ಕ ಇಡುವವರು ಸರಿಯಾಗಿ ಇಟ್ಟಿದ್ದರೆ, ಇಟ್ಟದ್ದನ್ನು ಉಳಿಸಿದ್ದರೆ ಈ ಅಲೆದಾಟ ಯಾಕೆ ಬೇಕಿತ್ತು?

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಅರ್ಜಿ ಹಾಕುತ್ತೀರಿ ಅಂದುಕೊಂಡಿದ್ದೇನೆ. ಯಾವ ಠಾಣೆ ಅಂತ ಗೊತ್ತಿಲ್ಲದಿದ್ದರೆ ಇನ್ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಗೇ ಕೊಡಿ. ಕ್ಯಾಮೆರಾ ದೃಶ್ಯದ ವಿಷಯ ಇದ್ದರೆ ವಾರದೊಳಗೆ ಹಾಕಿ, ಅವು ಬೇಗ ಅಳಿಸಿಹೋಗುತ್ತವೆ. ಪುಟಕ್ಕೆ 2 ರೂಪಾಯಿ ಕೇಳುತ್ತಾರೆ, ಕಟ್ಟಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ವಿನಾಕಾರಣ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ, ಅದು ಅವರ ಜೇಬಿನಿಂದ. ಆಯೋಗದಲ್ಲಿ ಕಡತಗಳ ರಾಶಿ ಇದೆ, ತಡ ಆಗುತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು. ಅರ್ಜಿ ಕೊಟ್ಟು ಹಾಗೇ ಬರಬೇಡಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸೀಲ್ ಹಾಕಿಸಿಕೊಳ್ಳಿ. ಊಟದ ಟೈಮು, ಆಮೇಲೆ ಬನ್ನಿ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ. ಸೀಲ್ ಬಿದ್ದ ದಿನದಿಂದ ಮೂವತ್ತು ದಿನ ಶುರು.